ಕರೆದರೆ ಓಗೊಡುವ ಹೆಸರು

ತಿಥಿಯ ದಿನ ಅಜ್ಜಯ್ಯ ಬಾಳೆ ಎಲೆಯ ತುಂಡಿನಲ್ಲಿ ಎಡೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಒಂದು ಉಂಡೆ ಅನ್ನ, ಅದರ ನೆತ್ತಿಗೊಂದು ವಡೆ. ಬೇಲಿ ಪಕ್ಕದ ಕಲ್ಲಿನ ಮೇಲೆ ಇಟ್ಟು, ಹಲಸಿನ ಮರದತ್ತ ಮುಖವೆತ್ತಿ 'ಕಾ... ಕಾ...' ಎನ್ನುವರು. ನಾವೆಲ್ಲ ಜಗಲಿಯಲ್ಲಿ ಹಸಿದು ಕೂತಿರುತ್ತಿದ್ದೆವು. ಮೇಳಿಗೆಯ ಕಾಡಂಚಿನ ಆ ಮನೆಗೆ ಬರುತ್ತಿದ್ದುದು ಬೂದುಗತ್ತಿನ ಊರುಕಾಗೆಯಲ್ಲ. ಮೈಯೆಲ್ಲ ಕಪ್ಪಾದ, ದಪ್ಪ ಕೊಕ್ಕಿನ ಕಾಡುಕಾಗೆ. ಓರೆಯಾಗಿ ಎರಡು ಹೆಜ್ಜೆ ಕುಪ್ಪಳಿಸಿ, ಒಂದೇ ಕಣ್ಣಿನಲ್ಲಿ ಎಲೆಯನ್ನು ಅಳೆದು, ಮೊದಲು ವಡೆಯನ್ನೇ ಕಚ್ಚುತ್ತಿತ್ತು.

ಅಜ್ಜಯ್ಯ ಕರೆದದ್ದು ಅದರ ಹೆಸರನ್ನೋ, ಕೂಗನ್ನೋ? ಈ ಪ್ರಶ್ನೆ ಬಹಳ ಹಳೆಯದು. ಪದಗಳ ಮೂಲ ಹುಡುಕುವ ಯಾಸ್ಕನ ನಿರುಕ್ತದಲ್ಲಿ ಇದರ ಮೇಲೊಂದು ಜಗಳವೇ ಇದೆ. 'ಕಾಕ' ಎಂಬುದು ಕೂಗಿನ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಹೇರಳ ಎನ್ನುತ್ತಾನೆ ಯಾಸ್ಕ. ಇನ್ನೊಬ್ಬ ಪಂಡಿತ ಔಪಮನ್ಯವ ಒಪ್ಪುವುದಿಲ್ಲ. ಅವನ ಪ್ರಕಾರ ಓಡಿಸಬೇಕಾದದ್ದು, ಆದ್ದರಿಂದ ಕಾಕ.

ನನ್ನ ಓಟು ಯಾಸ್ಕನಿಗೆ. ತಮಿಳಿನ ಕಾಕ್ಕೈ, ಮಲಯಾಳದ ಕಾಕ್ಕ, ತೆಲುಗಿನ ಕಾಕಿ, ತುಳುವಿನ ಕಕ್ಕೆ ಎಲ್ಲವೂ ಆ ಕೂಗನ್ನೇ ಹಿಡಿದಿಟ್ಟಿವೆ. ಇವುಗಳ ನಡುವೆ ಕನ್ನಡ ಮಾತ್ರ ಎರಡನೆಯ ಕಕಾರವನ್ನು ಮೆತ್ತಗೆ ಮಾಡಿ 'ಕಾಗೆ' ಎಂದಿತು. ಅಮರಕೋಶ ಕೊಡುವ ಹೆಸರುಗಳಲ್ಲಿ ಒಂದು 'ಆತ್ಮಘೋಷ', ಎಂದರೆ ತನ್ನ ಹೆಸರನ್ನು ತಾನೇ ಸಾರುವುದು. ಬಲಿ ತಿನ್ನುವುದರಿಂದ 'ಬಲಿಭುಕ್'. ನಮ್ಮ ಹಲಸಿನ ಮರದ ಹಿರಿಗಾಗೆಯಂಥದಕ್ಕೆ ಅಲ್ಲಿ 'ದ್ರೋಣಕಾಕ' ಎಂಬ ಬೇರೆಯೇ ಹೆಸರುಂಟು. ನನಗೆ ಬಹಳ ಇಷ್ಟವಾದದ್ದು 'ಪರಭೃತ್', ಅನ್ಯರನ್ನು ಸಾಕುವುದು. ಕೊನೆಗೊಂದು ಅಕಾರ ಸೇರಿಸಿ 'ಪರಭೃತ' ಎಂದರೆ ಅನ್ಯರಿಂದ ಸಾಕಲ್ಪಟ್ಟ ಕೋಗಿಲೆ. ಸಾಕುತಾಯಿಗೂ ಸಾಕುಮಗುವಿಗೂ ನಡುವೆ ಒಂದೇ ಸ್ವರದ ಅಂತರ!

ಜನ ಹೆಸರಿಡುವಾಗ ವಂಶಾವಳಿ ನೋಡುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗದ ದಾರಿಯಲ್ಲಿ ಸಿಗುವ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳ ಜೊತೆ ಗೂಡು ಕಟ್ಟುವ ನೀರುಕಾಗೆ ಕಾಗೆಯ ಕುಲದ್ದೇ ಅಲ್ಲ. ಅದರ ಇಂಗ್ಲಿಷ್ ಹೆಸರು 'ಕಾರ್ಮೊರೆಂಟ್' ಕೂಡ ಲ್ಯಾಟಿನ್ನಿನ 'ಸಮುದ್ರದ ಕಾಗೆ'ಯಿಂದ ಬಂದದ್ದು. ಎಲ್ಲಿಯ ತುಂಗೆ, ಎಲ್ಲಿಯ ರೋಮು! ಪೊದೆಯೊಳಗಿಂದ 'ಗೂಬ್ ಗೂಬ್' ಎನ್ನುವ ಸಂಬಾರಗಾಗೆ, ಅಂದರೆ ಕೆಂಬೂತ, ಕೋಗಿಲೆಯ ಬಳಗದ್ದು. ನಿಜವಾದ ದಾಯಾದಿ ಮಟಪಕ್ಷಿಗೆ ಮಾತ್ರ ಕಾಗೆಯ ಹೆಸರಿಲ್ಲ. ಉದ್ದ ಬಾಲದ, ಕಂದುಮೈಯ ಆ ಚೆಲುವನನ್ನು ಯಾರು ತಾನೇ ಕಾಗೆಯ ನೆಂಟ ಎಂದಾರು? ಮುಖ್ಯವಾಗಿ ಪಶ್ಚಿಮಘಟ್ಟದ ಕಾಡುಗಳಲ್ಲಿ ಇರುವ ಬಿಳಿಹೊಟ್ಟೆಯ ಮಟಪಕ್ಷಿಯನ್ನು 1833ರಲ್ಲಿ ಜಾನ್ ಗೂಲ್ಡ್ ಶಾಸ್ತ್ರಕ್ಕೆ ಪರಿಚಯಿಸಿದ. ಕಾಜಾಣಗಳ ಹಿಂದೆ ಹಿಂದೆ ಅದು ಮರದಿಂದ ಮರಕ್ಕೆ ಹೋಗುವುದನ್ನು ನೋಡಲು ಪುಣ್ಯ ಬೇಕು.

ಔಪಮನ್ಯವನ ಮಾತನ್ನು ಪೂರಾ ತಳ್ಳಿಹಾಕಲೂ ಆಗದು. ಕಾಗೆ ತಲೆಗೆ ಬಡಿದರೆ ಕೇಡು ಎಂಬ ನಂಬಿಕೆ ಇನ್ನೂ ಇದೆ. ಹಾಗಾದಾಗ ಬಡಿಸಿಕೊಂಡವರು ತೀರಿಹೋದರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳುಹಿಸುತ್ತಿದ್ದರು; ಅವರು ಅತ್ತರೆ ದೋಷ ಕಳೆಯಿತು. ಅಡಿಗೆಮನೆಯ ಕಿಟಕಿಯಲ್ಲಿ ಕಂಡರೆ 'ಹುಶ್'. ಅದೇ ಕಾಗೆ ಹೆಂಚಿನ ಮಾಡಿನ ಮೇಲೆ ಕೂಗಿದರೆ, ನೆಂಟರು ಬಂದಾರೆಂದು ಅಜ್ಜಿ ಒಂದು ಪಾವು ಅಕ್ಕಿ ಹೆಚ್ಚು ಹಾಕುತ್ತಿದ್ದರು.

ಕಳೆದ ಮಹಾಲಯಕ್ಕೆ ಅದೇ ಕಲ್ಲಿನ ಮೇಲೆ ಅಜ್ಜಯ್ಯನಿಗೇ ಎಡೆ ಇಟ್ಟೆವು. ಕರೆಯುವ ಸರದಿ ನನ್ನದು. ಗಂಟಲು ಕಟ್ಟಿತ್ತು, ಮೊದಲ ಸಲ ಸ್ವರ ಹೊರಡಲಿಲ್ಲ. ಎರಡನೆಯ ಸಲ 'ಕಾ' ಎಂದೆ. ಹಲಸಿನ ಮರದೊಳಗಿಂದ ಅದೇ ಮಾತು ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಕಾಡುಕಾಗೆ ಇಳಿಯಿತು, ಓರೆಯಾಗಿ ಎರಡು ಹೆಜ್ಜೆ ಕುಪ್ಪಳಿಸಿತು, ವಡೆ ಕಚ್ಚಿಕೊಂಡು ಹಾರಿತು.