ಖಾಸಗಿ ಆಸ್ಪತ್ರೆಗಳ ಸಂಘದ ಕರ್ತವ್ಯ

ಒಂದು ವೃತ್ತಿಯವರು ಸಂಘ ಕಟ್ಟಿಕೊಳ್ಳುವುದು ನಮ್ಮ ದೇಶಕ್ಕೆ ಹೊಸದಲ್ಲ. ಹಿಂದಿನ ವರ್ತಕರ ಶ್ರೇಣಿಗಳು ತಮ್ಮವರ ಹಕ್ಕನ್ನು ಕಾಯುತ್ತಿದ್ದುವು. ಕಟ್ಟಳೆ ಮೀರಿದ ತಮ್ಮವನನ್ನು ದಂಡಿಸುತ್ತಲೂ ಇದ್ದುವು. ಇಂದು ಬೆಂಗಳೂರಿನಲ್ಲಿ ‘ಫಾನಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಖಾಸಗಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳ ಸಂಘವೂ, ಭಾರತೀಯ ವೈದ್ಯಕೀಯ ಸಂಘದ ರಾಜ್ಯಶಾಖೆಯೂ ಈ ಎರಡು ಹೊಣೆಗಳಲ್ಲಿ ಮೊದಲನೆಯದನ್ನು ಸಮರ್ಥವಾಗಿ ನಿರ್ವಹಿಸುತ್ತಿವೆ. ಎರಡನೆಯದರ ಗತಿಯೇನೆಂಬುದೇ ನಾವು ವಾಚಕರ ಮುಂದಿಡುವ ಪ್ರಶ್ನೆ.

೨೦೧೭ನೆಯ ಇಸವಿಯ ಸಂಗತಿಯನ್ನು ಮಹಾಜನರು ಮರೆತಿರಲಾರರು. ನಮ್ಮ ಜಿಲ್ಲೆಯ ಶ್ರೀನಿವಾಸಪುರದಿಂದ ಆರಿಸಿಬಂದು ಆಗ ಆರೋಗ್ಯ ಸಚಿವರಾಗಿದ್ದ ಶ್ರೀ ಕೆ. ಆರ್. ರಮೇಶ್ ಕುಮಾರರು, ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದರು. ಚಿಕಿತ್ಸೆಯ ದರವನ್ನು ಸರಕಾರವೇ ನಿಗದಿಮಾಡುವುದು, ತಪ್ಪಿದವರಿಗೆ ಸೆರೆಮನೆ ಎಂಬ ವಿಧಿಗಳು ಅದರಲ್ಲಿದ್ದುವು. ವೈದ್ಯರು ಕೆರಳಿ ಬೆಳಗಾವಿಯ ಅಧಿವೇಶನದ ಬಾಗಿಲಿಗೇ ಹೋದರು. ನವೆಂಬರ್ ೧೬ರಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳು ಹೊರರೋಗಿಗಳನ್ನು ನೋಡಲಿಲ್ಲ. ಉಚ್ಚ ನ್ಯಾಯಾಲಯವು ನಡುವೆ ಬಂದು, ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರೊಡನೆ ಮಾತುಕತೆ ನಡೆದ ಮೇಲೆ ಮುಷ್ಕರ ನಿಂತಿತು. ಆ ದಿನಗಳಲ್ಲಿ ಚಿಕಿತ್ಸೆ ದೊರೆಯದೆ ರೋಗಿಗಳು ಮೃತಪಟ್ಟರೆಂಬ ವಾರ್ತೆಗಳು ಹಲವು ಕಡೆಗಳಿಂದ ಬಂದುವು. ಕಡೆಗೆ ಅಂಗೀಕೃತವಾದ ಮಸೂದೆಯಲ್ಲಿ ದರನಿರ್ಣಯವು ಸರಕಾರೀ ಯೋಜನೆಗಳ ರೋಗಿಗಳಿಗೆ ಮಾತ್ರ ಸೀಮಿತವಾಯಿತು. ಸಂಘಕ್ಕೆ ಜಯ ದೊರೆಯಿತು.

ಸಂಘದವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮುಳಬಾಗಿಲಿನಂಥ ಊರಿನಲ್ಲಿ ದಂಪತಿಗಳಿಬ್ಬರೇ ನಡೆಸುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ, ಬೆಂಗಳೂರಿನ ಬಹುಮಹಡಿಯ ಆಸ್ಪತ್ರೆಗೂ ಒಂದೇ ದರ, ಒಂದೇ ದಂಡವೆಂದರೆ ಮೊದಲು ಮುರಿಯುವುದು ಚಿಕ್ಕದು. ಸರಕಾರೀ ಯೋಜನೆಯ ರೋಗಿಗೆ ಚಿಕಿತ್ಸೆಮಾಡಿ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದರೆ ಅದೂ ನ್ಯಾಯವಲ್ಲ. ತನ್ನ ಆಸ್ಪತ್ರೆಗಳಲ್ಲಿ ವೈದ್ಯರ ಸ್ಥಾನಗಳನ್ನು ಖಾಲಿಬಿಟ್ಟು, ಪರರ ಆಸ್ಪತ್ರೆಗಳಿಗೆ ಧರ್ಮೋಪದೇಶ ಮಾಡುವ ಸರಕಾರದ ಮಾತಿಗೆ ತೂಕವೂ ಇರದು.

ಆದರೆ ಸಂಘಕ್ಕೂ ಸರಕಾರಕ್ಕೂ ನಡುವೆ ಮೂರನೆಯವನೊಬ್ಬನಿದ್ದಾನೆ; ಅವನಿಗೆ ಸಂಘವಿಲ್ಲ. ಆವನಿಯ ರೈತನೊಬ್ಬನ ಮನೆಯಲ್ಲಿ ನಡುರಾತ್ರಿ ಹೆರಿಗೆ ಕಷ್ಟವಾದರೆ ಮುಳಬಾಗಿಲಿಗೆ ಓಡಬೇಕು. ಅಲ್ಲಿ ಆಗದೆಂದರೆ ಕೋಲಾರದ ನರಸಿಂಹರಾಜ ಆಸ್ಪತ್ರೆಗೋ ಟಮಕದ ಖಾಸಗಿ ವೈದ್ಯಕೀಯ ಕಾಲೇಜಿಗೋ ಹೋಗಬೇಕು. ಅಲ್ಲಿಂದ ಮುಂದೆ ಬೆಂಗಳೂರು. ಆ ಹೊತ್ತಿನಲ್ಲಿ ಅವನು ದರ ಕೇಳಿ ಚೌಕಾಶಿ ಮಾಡಬಲ್ಲನೆ? ಸಂತೆಯಲ್ಲಿ ಟೊಮೇಟೊ ಕೊಳ್ಳುವವನು ಬೆಲೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದು. ಬೇನೆಯವಳನ್ನು ಗಾಡಿಯಲ್ಲಿ ಮಲಗಿಸಿಕೊಂಡವನು ಎಲ್ಲಿಗೆ ಹೋದಾನು? ವೈದ್ಯವೃತ್ತಿಯನ್ನು ಇತರ ವ್ಯಾಪಾರಗಳಂತೆ ಎಣಿಸಲಾಗದಿರುವುದು ಈ ಕಾರಣದಿಂದಲೇ. ತುಂಬಿದ ಬಸುರಿಗೆ ವಾಲ್ಮೀಕಿಗಳು ಆಶ್ರಯವಿತ್ತ ಕ್ಷೇತ್ರವೆಂದು ಆವನಿಯ ಜನರು ತಮ್ಮ ಬೆಟ್ಟವನ್ನು ತೋರಿಸುತ್ತಾರೆ. ಆ ಮರ್ಯಾದೆ ನಮ್ಮ ನಾಡಿನದು.

ಮನಸ್ಸಿದ್ದರೆ ಒಪ್ಪಂದ ಸಾಧ್ಯವೆಂಬುದಕ್ಕೆ ೨೦೨೦ರ ಮಹಾಮಾರಿಯೇ ಸಾಕ್ಷಿ. ಆ ವರ್ಷದ ಜೂನಿನಲ್ಲಿ ಸರಕಾರವು ಖಾಸಗಿ ಆಸ್ಪತ್ರೆಗಳ ಹಾಸಿಗೆಗಳಲ್ಲಿ ಅರ್ಧವನ್ನು ತಾನು ಕಳುಹಿಸುವ ಕೋವಿಡ್ ರೋಗಿಗಳಿಗೆ ಮೀಸಲಿರಿಸಿತು. ಅವರಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ ೫,೨೦೦ ರೂಪಾಯಿ, ತಾವಾಗಿ ಬಂದವರಿಗೆ ೧೦,೦೦೦ ರೂಪಾಯಿ ಎಂದು ದರ ಗೊತ್ತುಮಾಡಿತು. ಸಂಘದವರು ಚರ್ಚೆಗೆ ಕುಳಿತರು, ವಾದಿಸಿದರು. ದರವೂ ನಿಂತಿತು, ಆಸ್ಪತ್ರೆಗಳೂ ನಡೆದುವು. ಇಂಗ್ಲೆಂಡಿನಲ್ಲಿಯೂ ೧೯೪೮ರ ಫೆಬ್ರವರಿಯಲ್ಲಿ ವೈದ್ಯರ ಸಂಘವು ರಾಷ್ಟ್ರೀಯ ಆರೋಗ್ಯ ಯೋಜನೆಗೆ ವಿರುದ್ಧವಾಗಿ ಬಹುಮತವಿತ್ತಿತು. ಸಚಿವ ಬೆವನ್ನರು ಕೆಲವನ್ನು ಬಿಟ್ಟುಕೊಟ್ಟರು, ಜುಲೈ ೫ರಂದು ಯೋಜನೆ ಆರಂಭವಾಯಿತು.

ಆದುದರಿಂದ ಸಂಘದವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ದರಪಟ್ಟಿಯನ್ನು ಜನರಿಗೆ ತಿಳಿಯುವಂತಿಡಬೇಕು, ಅಪಘಾತಕ್ಕೀಡಾದವನಿಗೆ ಮುಂಗಡ ಕೇಳದೆ ಜೀವವುಳಿಸುವ ಚಿಕಿತ್ಸೆ ಕೊಡಬೇಕು, ಬಾಕಿಗಾಗಿ ಶವವನ್ನು ತಡೆಹಿಡಿಯಬಾರದು: ಇವು ಕಾಯಿದೆಯಲ್ಲಿರುವ ಕಟ್ಟಳೆಗಳು. ಇವನ್ನು ಮೀರುವ ಸದಸ್ಯನನ್ನು ಸಂಘವೇ ಮೊದಲು ವಿಚಾರಿಸಲಿ, ತಪ್ಪು ಸಿದ್ಧವಾದರೆ ಸದಸ್ಯತ್ವದಿಂದ ತೆಗೆದುಹಾಕಲಿ. ಎಂಥ ವಿವಾದದಲ್ಲಿಯೂ ತುರ್ತು ಚಿಕಿತ್ಸೆಯ ಬಾಗಿಲು ಮುಚ್ಚದೆಂದು ಲಿಖಿತ ವಚನ ಕೊಡಲಿ. ಸರಕಾರವು ತಾನು ಕೊಡಬೇಕಾದುದನ್ನು ಸಕಾಲದಲ್ಲಿ ಕೊಡಲಿ. ಜಿಲ್ಲಾಧಿಕಾರಿಗಳು ದೂರು ಪ್ರಾಧಿಕಾರದ ಇರವನ್ನು ಹಳ್ಳಿಹಳ್ಳಿಗೂ ತಿಳಿಯಪಡಿಸಲಿ. ತನ್ನವರನ್ನು ತಾನೇ ತಿದ್ದುವ ಸಂಘಕ್ಕೆ ಕಠಿಣ ಕಾಯಿದೆಯ ಭಯವಿರದು. ತಿದ್ದದ ಸಂಘವು ಅಂಥ ಕಾಯಿದೆಯನ್ನು ತಾನೇ ಬರಮಾಡಿಕೊಳ್ಳುವುದು.