ವಿದ್ಯುತ್ ಗಿಟಾರಿನ ಜಾತಕ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಕೆಲವು ತಿಂಗಳುಗಳಿಂದ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿರುವುದು. ಮನೆಯ ಹುಡುಗನು ಎಲ್ಲಿಯೋ ಒಂದು ಹಳೆಯ ವಿದ್ಯುತ್ ಗಿಟಾರನ್ನು ಕಂಡು ಬಂದಿರುವನು. ಅದನ್ನು ಕೊಳ್ಳಲೇಬೇಕೆಂದು ಹಟ ಹಿಡಿದಿರುವನು. ಮಾರುವವನು ಅದು ಅಮೆರಿಕ ದೇಶದ್ದೆಂದೂ ಅರುವತ್ತು ವರ್ಷಗಳ ಹಿಂದಿನದೆಂದೂ ಪ್ರಮಾಣ ಮಾಡುವನು. ಆ ಮಾತನ್ನು ನಂಬಬಹುದೆ? ಶಬ್ದಮಂಜರಿಯನ್ನು ಹೇಳಿಕೊಟ್ಟು ಕಾಲ ಕಳೆದ ಮೇಷ್ಟರಿಗೆ ಗಿಟಾರಿನ ಗೊಡವೆ ಏಕೆಂದು ಒಬ್ಬ ವಾಚಕ ಮಹಾಶಯರು ವಿನೋದವಾಗಿ ಕೇಳಿರುವರು. ವಸ್ತುವಿನ ದೇಶಕಾಲಗಳನ್ನು ನಿರ್ಣಯಿಸುವುದು ತರ್ಕದ ಕೆಲಸ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವೇ ಇಲ್ಲಿಯೂ ಸಾಕು. ಕಂಡದ್ದು ಹೊಗೆಯೋ ಮಂಜೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಅಷ್ಟೆ.

ಮೊದಲು ವಂಶಾವಳಿ. ತಂತಿಯ ಕಂಪನವನ್ನು ಅಯಸ್ಕಾಂತದಿಂದ ಹಿಡಿದು ವಿದ್ಯುತ್ತಾಗಿ ಮಾಡುವ ಗಿಟಾರು ಲಾಸ್ ಏಂಜಲೀಸಿನಲ್ಲಿ 1932ರಲ್ಲಿ ಮಾರಾಟಕ್ಕೆ ಬಂದಿತು. ತೊಡೆಯ ಮೇಲಿಟ್ಟು ನುಡಿಸುವ ಆ ಅಲ್ಯೂಮಿನಿಯಂ ವಾದ್ಯವನ್ನು, ಅದರ ಆಕಾರವನ್ನು ನೋಡಿ, ಜನರು ಬಾಣಲೆಯೆಂದೇ ಕರೆದರು. ಹಲಗೆಯಂತೆ ಗಟ್ಟಿಯಾದ ಒಡಲುಳ್ಳ ಗಿಟಾರನ್ನು 1950ರಲ್ಲಿ ಪೇಟೆಗೆ ತಂದವರು ಕ್ಯಾಲಿಫೋರ್ನಿಯದ ಫುಲರ್‌ಟನ್ ಊರಿನ ಲಿಯೋ ಫೆಂಡರ್. ಆತನು ರೇಡಿಯೋ ದುರಸ್ತಿ ಮಾಡುತ್ತಿದ್ದವನು. ಗಿಟಾರು ನುಡಿಸಲು ಬಾರದವನು! ಮಿಚಿಗನ್ ಸಂಸ್ಥಾನದ ಕಲಮಜೂವಿನಲ್ಲಿದ್ದ ಗಿಬ್ಸನ್ ಕಂಪೆನಿಯವರು 1952ರಲ್ಲಿ ಲೆಸ್ ಪಾಲ್ ಎಂಬ ವಾದಕರ ಹೆಸರಿನ ವಾದ್ಯವನ್ನು ಹೊರಡಿಸಿದರು. ಫೆಂಡರನ ಸ್ಟ್ರಾಟೊಕಾಸ್ಟರ್ ಬಂದದ್ದು 1954ರಲ್ಲಿ. ಆದುದರಿಂದ ಯಾವನಾದರೂ ಸ್ಟ್ರಾಟೊಕಾಸ್ಟರನ್ನು ತೋರಿಸಿ ಎರಡನೆಯ ಮಹಾಯುದ್ಧದ ಕಾಲದ್ದೆಂದರೆ ಅವನೊಡನೆ ಮಾತು ಮುಂದುವರಿಸುವ ಅವಶ್ಯವಿಲ್ಲ.

ಗಿಟಾರಿನ ಅಂಗಗಳಿಗೆ ವೀಣೆಯ ಮಾತುಗಳನ್ನೇ ಬಳಸುವೆನು: ದಂಡಿ, ಮೆಟ್ಟಿಲು, ಬಿರಡೆ, ಒಡಲು. ಬಿರಡೆಗಳನ್ನು ಹೊತ್ತ ಕೊನೆಯನ್ನು ತಲೆಯೆಂದು ಕರೆಯೋಣ. ಫೆಂಡರಿನ ದಂಡಿಯನ್ನು ಒಡಲಿಗೆ ನಾಲ್ಕು ತಿರುಪುಗಳಿಂದ ಬಿಗಿದಿರುತ್ತಾರೆ (1971ರ ಬಳಿಕ ಕೆಲವು ವರ್ಷ ಸ್ಟ್ರಾಟೊಕಾಸ್ಟರಿಗೆ ಮೂರೇ ತಿರುಪು). ಗಿಬ್ಸನ್ನಿನ ದಂಡಿಯನ್ನು ಬಹುಮಟ್ಟಿಗೆ ಅಂಟು ಹಾಕಿ ಕೂಡಿಸಿರುತ್ತಾರೆ.

ತಿರುಪುಗಳ ಕೆಳಗೆ ಒಂದು ಲೋಹದ ಫಲಕವಿರುವುದು. ಹಳೆಯ ಫೆಂಡರುಗಳಲ್ಲಿ ಕ್ರಮಾಂಕವನ್ನು ಈ ಫಲಕದ ಮೇಲೆಯೇ ಒತ್ತಿರುವರು. ಕೊಳ್ಳುವವರೆಲ್ಲ ಮೊದಲು ನೋಡುವುದು ಇದನ್ನೇ. ಮೋಸ ಮಾಡುವವರು ಮೊದಲು ಬದಲಾಯಿಸುವುದೂ ಇದನ್ನೇ. ನಮ್ಮ ಶಾಸನಶಾಸ್ತ್ರದಲ್ಲಿ ಈ ಕಷ್ಟ ಹಿಂದಿನಿಂದಲೂ ಉಂಟು. ಬೆಟ್ಟದ ಬಂಡೆಯ ಮೇಲಿನ ಶಾಸನವು ಇದ್ದಲ್ಲಿಯೇ ಇರುವುದು. ತಾಮ್ರಶಾಸನವಾದರೋ ಕೈಯಿಂದ ಕೈಗೆ ಹೋಗುವುದು, ಹೊಸದಾಗಿ ಬರೆಯಿಸಿದರೂ ನಡೆಯುವುದು. ಗಂಗರಸರ ಹೆಸರಿನ ಅನೇಕ ತಾಮ್ರಪಟಗಳು ಕೂಟಶಾಸನಗಳೆಂದು ಫ್ಲೀಟ್ ಸಾಹೇಬರು ವಾದಿಸಿದುದೂ, ರೈಸ್ ಸಾಹೇಬರು ಅದನ್ನು ಒಪ್ಪದೆ ಹೋದುದೂ ಚರಿತ್ರೆಯನ್ನು ಓದಿದವರಿಗೆ ತಿಳಿದೇ ಇದೆ. ನಾಲ್ಕು ತಿರುಪುಗಳ ಫಲಕವೂ ಒಂದು ತಾಮ್ರಶಾಸನವೇ. ಅದು ಹೇಳುವುದನ್ನು ಕೇಳಬೇಕು. ಬೇರೆ ಸಾಕ್ಷಿಯಿಲ್ಲದೆ ತೀರ್ಪು ಕೊಡಬಾರದು.

ಫೆಂಡರಿನವರು 1976ರಲ್ಲಿ ಕ್ರಮಾಂಕವನ್ನು ಫಲಕದಿಂದ ತಲೆಯ ಮೇಲಕ್ಕೆ ಏರಿಸಿದರು. ಅಲ್ಲಿಂದ ಮುಂದೆ ಅಂಕೆಗಳ ಮೊದಲು ಒಂದು ಅಕ್ಷರ ಬರುವುದು: ಎಸ್ ಎಂದರೆ ಎಪ್ಪತ್ತರ ದಶಕ, ಇ ಎಂದರೆ ಎಂಬತ್ತರದು, ಎನ್ ಎಂದರೆ ತೊಂಬತ್ತರದು. ಅದರ ಪಕ್ಕದ ಅಂಕೆ ದಶಕದೊಳಗಿನ ವರ್ಷ. ಎಸ್ 8 ಎಂದಿದ್ದರೆ 1978ರ ಸುಮಾರಿನದೆಂದು ತಿಳಿಯತಕ್ಕುದು. ಸುಮಾರು ಎಂದೇಕೆ ಹೇಳುತ್ತೇನೆಂದರೆ, ಅಂಕೆ ಬಿದ್ದ ದಂಡಿಯು ಕಾರ್ಖಾನೆಯ ಮೂಲೆಯಲ್ಲಿ ಕುಳಿತಿದ್ದು ಮುಂದಿನ ವರ್ಷ ಒಡಲನ್ನು ಸೇರುವುದೂ ಉಂಟು. ಎನ್ ಅಕ್ಷರದ ಹಿಂದೆ ಎಂ ಅಕ್ಷರವೂ ಸೇರಿದ್ದರೆ ಅದು ಅಮೆರಿಕದ್ದಲ್ಲ, ಮೆಕ್ಸಿಕೋ ದೇಶದ್ದು. ಜೆ ವಿ ಎಂದು ಮೊದಲಾದರೆ ಜಪಾನಿನಲ್ಲಿ 1982ರಿಂದ ಎರಡು ಮೂರು ವರ್ಷಗಳೊಳಗೆ ಆದದ್ದು.

ಗಿಬ್ಸನ್ನಿನವರ ಹಳೆಯ ಲೆಕ್ಕ ಬಹಳ ಗೋಜಲು. 1961ರಿಂದ ಮುಂದಿನ ಹದಿನೈದು ವರ್ಷಗಳಲ್ಲಿ ಒಂದೇ ಅಂಕೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಬಳಸಿರುವರು. ಒಂದು ಊರಿನಲ್ಲಿ ನಾಲ್ಕು ಮಂದಿ ರಾಮಯ್ಯಗಳಿದ್ದಂತೆ! ಅಂಥಲ್ಲಿ ತಲೆಯ ಹಿಂಬದಿಯನ್ನು ನೋಡಬೇಕು. ಅಮೆರಿಕದಲ್ಲಿ ಮಾಡಿದ್ದೆಂಬ ಮುದ್ರೆಯನ್ನು ಅಲ್ಲಿ ಒತ್ತಲು ತೊಡಗಿದುದು 1970ರಲ್ಲಿ; ಆದುದರಿಂದ ಮುದ್ರೆಯಿರುವ ಗಿಟಾರನ್ನು ಅರುವತ್ತರ ದಶಕದ್ದೆಂದು ಮಾರಲು ಬಂದರೆ ಬಾಗಿಲ ಬಳಿಯಿಂದಲೇ ಕಳುಹಿಸಿಬಿಡಬಹುದು. 1977ರಿಂದ ಮಾತ್ರ ಕ್ರಮ ಸ್ಪಷ್ಟವಾಯಿತು. ಎಂಟು ಅಂಕೆಗಳಲ್ಲಿ ಮೊದಲನೆಯದೂ ಐದನೆಯದೂ ವರ್ಷ; ನಡುವಿನ ಮೂರು ಅಂಕೆಗಳು ವರ್ಷದ ಎಷ್ಟನೆಯ ದಿನವೆಂಬುದು. 81341512 ಎಂದಿದ್ದರೆ 1981ನೆಯ ವರ್ಷದ 134ನೆಯ ದಿನ, ಅಂದರೆ ಮೇ 14. ಕೊನೆಯ ಮೂರು ಅಂಕೆಗಳು ಐನೂರನ್ನು ಮೀರಿರುವುದರಿಂದ ಅದು ಕಲಮಜೂವಿನದಲ್ಲ, ನ್ಯಾಶ್‌ವಿಲ್ಲಿನದು. ಕಲಮಜೂವಿನ ಕಾರ್ಖಾನೆ 1984ರಲ್ಲಿ ಮುಚ್ಚಿಹೋಯಿತು. ಆ ಬಳಿಕ ಈ ಭೇದಕ್ಕೆ ಅರ್ಥವಿಲ್ಲ.

ಒಳಗಿನ ಸಾಕ್ಷಿಯೇ ಹೆಚ್ಚು ಬೆಲೆಯುಳ್ಳದ್ದು. ನಾದವನ್ನು ಏರಿಸಿ ಇಳಿಸುವ ಗುಂಡಿಗಳ ಕೆಳಗೆ ಪೊಟೆನ್ಶಿಯೋಮೀಟರ್ ಎಂಬ ಪುಟ್ಟ ಲೋಹದ ಡಬ್ಬಿಗಳಿರುತ್ತವೆ. ಅಮೆರಿಕದಲ್ಲಿ ಮಾಡಿದ ಡಬ್ಬಿಯ ಬೆನ್ನ ಮೇಲೆ ಆರೇಳು ಅಂಕೆಗಳನ್ನು ಒತ್ತಿರುವುದುಂಟು. ಮೊದಲ ಮೂರು ಮಾಡಿದವರ ಗುರುತು: 137 ಎಂದರೆ ಸಿ.ಟಿ.ಎಸ್., 304 ಎಂದರೆ ಸ್ಟ್ಯಾಕ್‌ಪೋಲ್. ಆಮೇಲೆ ವರ್ಷ, ಕೊನೆಗೆ ವಾರ. 3046412 ಎಂದರೆ ಸ್ಟ್ಯಾಕ್‌ಪೋಲಿನವರು 1964ರ ಹನ್ನೆರಡನೆಯ ವಾರದಲ್ಲಿ ಮಾಡಿದುದು. ಇದರಿಂದ ಸಿದ್ಧವಾಗುವುದೇನು? ಗಿಟಾರು 1964ರದೆಂದಲ್ಲ, 1964ಕ್ಕಿಂತ ಹಿಂದಿನದಲ್ಲವೆಂಬುದಷ್ಟೆ. ಫೆಂಡರ್ ಕಂಪೆನಿಯನ್ನು 1965ರಲ್ಲಿ ಕೊಂಡ ಸಿ.ಬಿ.ಎಸ್. ಸಂಸ್ಥೆಯವರು ಮರುವರ್ಷ ಇಂಥ ಡಬ್ಬಿಗಳನ್ನು ರಾಶಿಯಾಗಿ ತರಿಸಿ ಹಲವು ವರ್ಷ ಬಳಸುತ್ತ ಹೋದರು. ಉಗ್ರಾಣದಲ್ಲಿ ಹಳೆಯ ಅಕ್ಕಿಯಿದ್ದ ಮಾತ್ರಕ್ಕೆ ಅನ್ನವು ಹಳೆಯದಾಗುವುದಿಲ್ಲ. ಬೆಸುಗೆಯನ್ನೂ ದೀಪದ ಬೆಳಕಿನಲ್ಲಿ ನೋಡಿರಿ. ಕೆಣಕದ ಹಳೆಯ ಬೆಸುಗೆ ಮಂಕಾಗಿರುವುದು. ನಡುವೆ ಹೊಳೆಯುವ ಹೊಸ ಬೆಸುಗೆಯಿದ್ದರೆ ಆ ಡಬ್ಬಿಯು ಆಮೇಲೆ ಬಂದ ಅತಿಥಿಯಾಗಿರಬಹುದು.

ಅಕ್ಷರವನ್ನು ಕಂಡೊಡನೆ ನಂಬಬಾರದೆಂಬುದಕ್ಕೆ ಒಂದು ಸೊಗಸಾದ ನಿದರ್ಶನವುಂಟು. ಗಿಬ್ಸನ್ನಿನ ಸೇತ್ ಲವರ್ ಎಂಬುವರು ಗುಂಯ್‌ಗುಟ್ಟುವ ಸದ್ದನ್ನು ಅಡಗಿಸುವ ಜೋಡಿಸುರುಳಿಯ ಪಿಕಪ್ಪನ್ನು ಕಂಡುಹಿಡಿದು 1955ರಲ್ಲಿ ಪೇಟೆಂಟು ಬೇಡಿದರು. ಅದು 1959ರಲ್ಲಿ ದೊರೆಯಿತು. ಪೇಟೆಂಟಿಗೆ ಅರ್ಜಿ ಕೊಟ್ಟಿದೆಯೆಂಬ ಚೀಟಿಯನ್ನು ಅಂಟಿಸಿದ ಆ ಕಾಲದ ಪಿಕಪ್ಪುಗಳಿಗೆ ಇಂದು ಅತಿಶಯವಾದ ಬೆಲೆ. ಬಳಿಕ ಪೇಟೆಂಟಿನ ಅಂಕೆಯನ್ನೇ ಮುದ್ರಿಸಿ ಅಂಟಿಸಿದರು: 2,737,842 ಎಂದು. ಹುಡುಕಿ ನೋಡಿದರೆ ಆ ಅಂಕೆಯು ಪಿಕಪ್ಪಿನದೇ ಅಲ್ಲ! ಲೆಸ್ ಪಾಲ್ ಪಡೆದಿದ್ದ, ತಂತಿಗಳ ಬುಡವನ್ನು ಹಿಡಿಯುವ ಒಂದು ಸಾಧನದ್ದು. ಪ್ರತಿಸ್ಪರ್ಧಿಗಳ ದಾರಿ ತಪ್ಪಿಸಲು ಹೀಗೆ ಮಾಡಿದರೆಂದು ಹೇಳುವವರುಂಟು. ಅದೇನೇ ಇರಲಿ, ಈ ತಪ್ಪು ಅಂಕೆಯೇ ಈಗ ಅರುವತ್ತರ ದಶಕದ ನಿಜವಾದ ಪಿಕಪ್ಪಿಗೆ ಒಂದು ಗುರುತಾಗಿದೆ.

ಈ ಪರೀಕ್ಷೆಗಳು ಹಣದ ಲೆಕ್ಕಕ್ಕೆ ಮಾತ್ರ ಬೇಕಾದುವೆಂದು ಭಾವಿಸಬೇಡಿರಿ. ಹೋದ ವರ್ಷ ನಮ್ಮ ನೆರೆಯ ಹೆಣ್ಣುಮಗಳೊಬ್ಬಳು ತಂದೆಯ ಗಿಟಾರನ್ನು ಹೊತ್ತು ನನ್ನಲ್ಲಿಗೆ ಬಂದಳು. ತಂದೆ ಹಡಗಿನ ಕೆಲಸದಲ್ಲಿದ್ದವರು. ತೀರಿಕೊಂಡು ಎರಡು ವರ್ಷವಾಗಿದ್ದಿತು. ಮಗಳು ಹುಟ್ಟಿದ ವರ್ಷ ಜಪಾನಿನ ಕೋಬೆ ಬಂದರಿನಲ್ಲಿ ಹೊಸದನ್ನೇ ಕೊಂಡೆನೆಂದು ಅವರು ಯಾವಾಗಲೂ ಹೇಳುತ್ತಿದ್ದರಂತೆ. ತಾಯಿಯ ಮೊಣಕಾಲಿನ ಚಿಕಿತ್ಸೆಗೆ ಹಣ ಬೇಕಾಗಿ ಒಬ್ಬ ವ್ಯಾಪಾರಿಗೆ ತೋರಿಸಿದಾಗ ಆತನು, “ಇದು ಗಿಬ್ಸನ್ನಿನ ಕಳ್ಳ ಅಚ್ಚು, ಈಚಿನದು, ಕಟ್ಟಿಗೆಯ ಬೆಲೆಗೆ ಬೇಕಾದರೆ ಕೊಡಿ” ಎಂದನಂತೆ. ಆ ದಿನದಿಂದ ತಾಯಿ ಗಿಟಾರನ್ನು ಮಂಚದ ಕೆಳಕ್ಕೆ ತಳ್ಳಿ, ಅದರ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು. “ಅಪ್ಪ ಸುಳ್ಳು ಹೇಳುವವರಲ್ಲ ಮೇಷ್ಟ್ರೇ. ಅವರಿಗೇ ಯಾರಾದರೂ ಮೋಸ ಮಾಡಿರಬಹುದೆ?” ಎಂದು ಮಗಳು ಕೇಳಿದಳು.

ತಲೆಯ ಆಕಾರ ಗಿಬ್ಸನ್ನಿನದೇ, ತೆರೆದಿಟ್ಟ ಪುಸ್ತಕದ ಅಂಚಿನಂತೆ. ಆದರೆ ಅದರ ಮೇಲಿನ ಹೆಸರು ಐಬನೆಜ್. ದಂಡಿಗೆ ಅಂಟಿಲ್ಲ, ನಾಲ್ಕು ತಿರುಪು. ಫಲಕದ ಮೇಲೆ ಬಿ ಅಕ್ಷರ, ಅದರ ಮುಂದೆ 76 ಎಂದು ಮೊದಲಾಗುವ ಅಂಕೆ. ಐಬನೆಜ್ ಎಂಬುದು ಜಪಾನಿನ ನಗೋಯಾ ನಗರದ ಹೋಶಿನೊ ಸಂಸ್ಥೆಯವರ ಮುದ್ರೆ. ಸ್ಪೇನ್ ದೇಶದ ಒಬ್ಬ ಗಿಟಾರು ತಯಾರಕರಿಂದ ಬಂದ ಹೆಸರು. 1975ರಿಂದ ಅವರ ಕ್ರಮಾಂಕದಲ್ಲಿ ಎ ಇಂದ ಎಲ್ ವರೆಗಿನ ಅಕ್ಷರವು ತಿಂಗಳನ್ನೂ ಮುಂದಿನ ಎರಡು ಅಂಕೆಗಳು ವರ್ಷವನ್ನೂ ತಿಳಿಸುತ್ತವೆ. ಅಂದಮೇಲೆ 1976ರ ಫೆಬ್ರವರಿ. ಫಲಕವನ್ನು ಬದಲಾಯಿಸಿರಬಹುದೆ ಎಂದು ನೋಡಿದೆವು: ತಿರುಪುಗಳ ಬಾಯಿ ಸವೆದಿರಲಿಲ್ಲ, ಬಣ್ಣದ ಮೇಲೆ ಒತ್ತಿ ಉಳಿದಿದ್ದ ಫಲಕದ ಅಚ್ಚು ಆ ಫಲಕಕ್ಕೇ ಕೂದಲೆಳೆ ತಪ್ಪದೆ ಹೊಂದಿದ್ದಿತು. ತಂದೆಯ ಸೇವಾಪುಸ್ತಕದಲ್ಲಿ ಆತ ಹಡಗಿನಿಂದ ಇಳಿದ ದಿನ 1976ರ ಜುಲೈ ಎಂದಿದ್ದಿತು. ಮಗಳು ಹುಟ್ಟಿದುದು ಅದೇ ಶ್ರಾವಣದಲ್ಲಿ.

ಅನುಕರಣವೆಂಬುದು ನಿಜ, ಕಳ್ಳತನವೆಂಬುದು ಸುಳ್ಳು. ತನ್ನ ಹೆಸರನ್ನು ತಲೆಯ ಮೇಲೆ ಬರೆದುಕೊಂಡಿರುವ ವಸ್ತುವು ಇನ್ನೊಬ್ಬರ ಹೆಸರಿನಲ್ಲಿ ವಂಚಿಸುತ್ತಿಲ್ಲ. ಈ ತಲೆಯ ಆಕಾರಕ್ಕಾಗಿಯೇ ಗಿಬ್ಸನ್ನಿನ ಒಡೆತನವಿದ್ದ ನಾರ್ಲಿನ್ ಸಂಸ್ಥೆಯವರು ಐಬನೆಜನ್ನು ಅಮೆರಿಕದಲ್ಲಿ ಮಾರುತ್ತಿದ್ದವರ ಮೇಲೆ 1977ರಲ್ಲಿ ದಾವಾ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ಜಪಾನಿನವರು ಆಕಾರವನ್ನು ಬಿಟ್ಟು ತಮ್ಮದೇ ವಿನ್ಯಾಸಗಳಿಗೆ ಹೊರಳಿದರು. ದಾವೆಗೆ ಹಿಂದಿನ ಆ ಗಿಟಾರುಗಳನ್ನು ಹುಡುಕಿ ಕೊಳ್ಳುವವರು ಈಗ ಬೇಕಾದಷ್ಟು ಮಂದಿ ಇರುವರು. ಇದನ್ನೆಲ್ಲ ಮಗಳು ತಾಯಿಗೆ ಓದಿ ಹೇಳಿದಳಂತೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇನ್ನು ಮಾರಬಹುದು” ಎಂದರು. ಬೆಂಗಳೂರಿನ ಒಬ್ಬ ವಾದಕರು ವ್ಯಾಪಾರಿ ಹೇಳಿದ ಬೆಲೆಯ ಹಲವು ಪಾಲು ಕೊಟ್ಟು ಒಯ್ದರು.

ಇನ್ನು ಮರದ ವಿಚಾರ. ಮೆಟ್ಟಿಲುಗಳನ್ನು ಕೂಡಿಸುವ ಪಟ್ಟಿಗೆ ಹಿಂದೆ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ಅದು ದುರ್ಲಭವಾದ ಮೇಲೆ ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವ ಬೀಟೆಯು ಅದರ ಸ್ಥಾನಕ್ಕೆ ಬಂದಿತು. ಹೆಸರಾಂತ ಮಾರ್ಟಿನ್ ಕಂಪೆನಿಯವರು ತಮ್ಮ ಗಿಟಾರುಗಳ ಒಡಲಿಗೆ ಈ ಬದಲಾವಣೆಯನ್ನು 1969ರಲ್ಲಿ ಮಾಡಿದರು. ಬ್ರೆಜಿಲಿನ ಬೀಟೆಯ ವ್ಯಾಪಾರವನ್ನು 1992ರಿಂದ ಅಂತರರಾಷ್ಟ್ರೀಯ ಒಪ್ಪಂದದಿಂದ ಬಹಳ ಬಿಗಿಮಾಡಿರುವರು. ಅಮೆರಿಕದ್ದೆಂದು ಹೊಗಳಿಸಿಕೊಳ್ಳುವ ಎಷ್ಟೋ ಗಿಟಾರುಗಳಲ್ಲಿ ಬೆರಳು ಆಡುವ ಮರವು ನಮ್ಮ ನಾಡಿನದೆಂಬುದನ್ನು ಹುಡುಗರಿಗೆ ಹೇಳಿರಿ. ಕಲಕತ್ತೆಯ ಗಿವ್ಸನ್ ಎಂಬ ಗಿಟಾರನ್ನು ಕಂಡು ಅಕ್ಷರ ತಪ್ಪಾಗಿದೆಯೆಂದು ತಿಳಿಯಬೇಡಿರಿ. ಅದು ನಮ್ಮ ದೇಶದ್ದೇ ಆದ ಬೇರೊಂದು ಮುದ್ರೆ.

ಮೈಯ ಸವೆತವನ್ನು ನಂಬುವ ಕಾಲ ಹೋಯಿತು. ಹೊಸ ಗಿಟಾರನ್ನು ಉಜ್ಜಿ, ಗೀಚಿ, ಮುದುಕನ ವೇಷ ಹಾಕಿ ಹೆಚ್ಚು ಬೆಲೆಗೆ ಮಾರುವುದನ್ನು ಫೆಂಡರಿನವರೇ 1995ರಲ್ಲಿ ಬಹಿರಂಗವಾಗಿ ಮೊದಲುಮಾಡಿದರು. ತೋಳು ಒರಗುವಲ್ಲಿ ಬಣ್ಣ ಹೋಗಿದ್ದು ಮೆಟ್ಟಿಲುಗಳು ಮಾತ್ರ ಸವೆಯದೆ ಇದ್ದರೆ ಕಾರಣವನ್ನು ಕೇಳಿರಿ. ಮೆಟ್ಟಿಲುಗಳನ್ನು ಹೊಸದಾಗಿ ಹಾಕಿಸಿರಲೂಬಹುದು. ಹಾಗಿದ್ದರೆ ಮಾರುವವನು ಅದನ್ನು ಹೇಳಲಿ.

ಮನೆಯಲ್ಲಿ ಪರೀಕ್ಷಿಸುವವರು ದಂಡಿಯನ್ನು ಬಿಚ್ಚುವ ಮುನ್ನ ತಂತಿಗಳನ್ನು ಪೂರ್ತಿಯಾಗಿ ಸಡಿಲಿಸಬೇಕು. ಫೆಂಡರಿನ ದಂಡಿಯ ಬುಡದಲ್ಲಿ ಪೆನ್ಸಿಲಿನಿಂದಲೋ ಮುದ್ರೆಯಿಂದಲೋ ತಾರೀಖು ಇರುವುದುಂಟು. ಅದನ್ನು ಒದ್ದೆಬಟ್ಟೆಯಿಂದ ಒರಸಬೇಡಿರಿ, ಚಿತ್ರ ತೆಗೆದಿಟ್ಟುಕೊಳ್ಳಿರಿ. ಅಂಟು ಹಾಕಿದ ದಂಡಿಯ ತಂಟೆಗೆ ಹೋಗಲೇಬೇಡಿರಿ. ಹಳೆಯ ಬಣ್ಣ ಬಿರುಕುಬಿಟ್ಟಿದೆಯೆಂದು ಬಡಗಿಯನ್ನು ಕರೆದು ಮೆರಗೆಣ್ಣೆ ಹಚ್ಚಿಸಿದರೆ ಅರ್ಧ ಬೆಲೆ ಅಲ್ಲಿಗೇ ಹೋಗುವುದು. ಬಿಚ್ಚಿದ ತಿರುಪುಗಳನ್ನು ಯಾವುದು ಯಾವ ತೂತಿನದೆಂದು ಕಾಗದದ ಮೇಲೆ ಗುರುತುಹಾಕಿ ಇಟ್ಟುಕೊಂಡು ಅಲ್ಲಲ್ಲಿಗೇ ಸೇರಿಸಿರಿ.