ಸಂಸದರಿಗೆ ಹಾರ ಹಾಕುವ ಮೊದಲು

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಬ್ಬ ಸಂಸದರನ್ನು ಕರೆಯುವುದು ರೂಢಿ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಒಂದು ಮನವಿ ಪತ್ರ ಕೊಡುತ್ತೇವೆ. ಅದರಲ್ಲಿ ಇರುವುದು ಎರಡೇ ವಿಷಯ, ತೆರಿಗೆ ಮತ್ತು ಲೈಸೆನ್ಸ್. ಸಂಸದರು "ಖಂಡಿತ ನೋಡೋಣ" ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತೇವೆ. ಇಂಥ ಮನವಿಯನ್ನು ನಾವೂ ನಮ್ಮ ಕೈಯಾರೆ ಕೊಟ್ಟವರೇ. ಆದ್ದರಿಂದ ಯಾರನ್ನೋ ದೂರಲು ಇದನ್ನು ಬರೆಯುತ್ತಿಲ್ಲ.

ಆದರೆ ಆ ಮನವಿ ಸರಿಯಾದ ಬಾಗಿಲಿಗೆ ಹೋಗುತ್ತಿದೆಯೇ? 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇಕಡಾ 12, ಎ.ಸಿ. ಹೋಟೆಲಿಗೆ 18 ಇತ್ತು. ಅದೇ ವರ್ಷ ನವೆಂಬರ್ 15ರಿಂದ ಅದು 5ಕ್ಕೆ ಇಳಿಯಿತು, ಇನ್‌ಪುಟ್ ಕ್ರೆಡಿಟ್ ಕೈತಪ್ಪಿತು. ಇದನ್ನು ತೀರ್ಮಾನ ಮಾಡಿದ್ದು ಜಿಎಸ್‌ಟಿ ಮಂಡಳಿ. ಅಲ್ಲಿ ಕೂರುವವರು ಕೇಂದ್ರದ ಹಣಕಾಸು ಸಚಿವರು ಮತ್ತು ರಾಜ್ಯಗಳ ಸಚಿವರು. ಸಾಮಾನ್ಯ ಸಂಸದರಿಗೆ ಅಲ್ಲಿ ಕುರ್ಚಿಯೇ ಇಲ್ಲ. ಇನ್ನು ನಮ್ಮ ಲೈಸೆನ್ಸುಗಳಲ್ಲಿ ಹೆಚ್ಚಿನವು ಮಹಾನಗರಪಾಲಿಕೆ ಮತ್ತು ರಾಜ್ಯದ ಕೈಯಲ್ಲಿವೆ.

ಸಂಸದರ ಕೈಯಲ್ಲಿ ಇರುವುದು ಕಾಯ್ದೆ. 2006ರ ಆಹಾರ ಸುರಕ್ಷತಾ ಕಾಯ್ದೆ 2011ರ ಆಗಸ್ಟಿನಲ್ಲಿ ಜಾರಿಗೆ ಬಂತು, ಅದರ ನಂಬರು ಇಂದು ನಮ್ಮ ಗಲ್ಲಾದ ಹಿಂದೆ ತೂಗುತ್ತಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಮ್ಮ ಬಾಗಿಲ ಮುಂದಿನ ವಡಾಪಾವ್ ಗಾಡಿಯವನಿಗೂ ಹಕ್ಕು ಕೊಟ್ಟಿತು. 2020ರ ಸೆಪ್ಟೆಂಬರಿನಲ್ಲಿ ಮೂರು ಕಾರ್ಮಿಕ ಸಂಹಿತೆಗಳು ಪಾಸಾದಾಗ ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ ನಡೆಯುತ್ತಿತ್ತು. ಓದುವ ಮನಸ್ಸು ಯಾರಿಗಿತ್ತು? 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದವು. ಅವಧಿಗೆಂದು ನೇಮಿಸಿಕೊಂಡವನಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂದಾಗ ನಾವು ಆಡಿಟರ್ ಹತ್ತಿರ ಓಡಿದೆವು. ಓಡಬೇಕಾದದ್ದು ಐದು ವರ್ಷ ಮೊದಲು, ಸಂಸದರ ಹತ್ತಿರ.

ನಮ್ಮವರೇ ಆದ ಆಸ್ಕರ್ ಫರ್ನಾಂಡಿಸ್ ಅವರನ್ನೇ ನೋಡಿ. 1980ರಿಂದ ಐದು ಬಾರಿ ಉಡುಪಿಯಿಂದ ಲೋಕಸಭೆಗೆ ಗೆದ್ದವರು. ಊರಿನ ಸಂಸದರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡವರೇ. ಅವರು ಕೇಂದ್ರದಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 2008ರಲ್ಲಿ, ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಬಂತು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಯ ಕೆಲಸಗಾರನೂ ಅದರೊಳಗೆ ಬರುತ್ತಿದ್ದ. ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಆಸ್ಪತ್ರೆ ವಿಮೆ ಕೊಡುವ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯೂ ಅದೇ ಖಾತೆಯಿಂದ ಬಂದದ್ದು, ನೋಂದಣಿಗೆ 30 ರೂಪಾಯಿ. ನಮ್ಮ ಅಡುಗೆಮನೆಯ ಎಷ್ಟು ಹುಡುಗರ ಮನೆಯವರಿಗೆ ಆ ಕಾರ್ಡ್ ಮಾಡಿಸಲು ನಾವು ಹೇಳಿದೆವು? ಒಬ್ಬರಿಗೂ ಇಲ್ಲ. ನಮಗೇ ಗೊತ್ತಿರಲಿಲ್ಲ. ಆಸ್ಕರ್ 2021ರಲ್ಲಿ ತೀರಿಕೊಂಡರು. ಅವರ ಜೊತೆ ತೆಗೆಸಿಕೊಂಡ ಫೋಟೋ ನಮ್ಮಲ್ಲಿ ಹಲವರ ಗೋಡೆಯ ಮೇಲಿದೆ, ಅವರು ತಂದ ಕಾಯ್ದೆಯ ಹೆಸರು ಬಾಯಿಯಲ್ಲಿಲ್ಲ.

ಎಲ್ಲಕ್ಕಿಂತ ಕಷ್ಟದ ಮಾತು ಮಕ್ಕಳದು. 2006ರ ಅಕ್ಟೋಬರ್ 10ರಿಂದ ಹೋಟೆಲ್, ಢಾಬಾ, ಟೀ ಅಂಗಡಿಗಳಲ್ಲಿ 14 ವರ್ಷದೊಳಗಿನವರ ದುಡಿಮೆ ನಿಷೇಧವಾಯಿತು. ಆಗ ಸಂಘದ ಸಭೆಯಲ್ಲಿ ದೊಡ್ಡ ಗಲಾಟೆ. "ನಾವೆಲ್ಲ ಹೀಗೇ ಬಂದವರಲ್ಲವೇ, ನಮ್ಮನ್ನು ಯಾರು ಕೆಡಿಸಿದರು?" ಎಂದು ಎದ್ದು ನಿಂತು ಕೇಳಿದವರಲ್ಲಿ ನಾವೂ ಒಬ್ಬರು. 1983ರಲ್ಲಿ ಹನ್ನೆರಡನೇ ವಯಸ್ಸಿಗೆ ಊರ ಬಸ್ಸು ಹತ್ತಿ ಬಂದು, ಹಗಲು ಟೇಬಲ್ ಒರೆಸಿ, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು ನಾವು. ಅದರ ಜಂಬ ಇತ್ತು.

ಆದರೆ ನಮ್ಮ ಜೊತೆ ಆ ಹೋಟೆಲಿನ ಮಾಳಿಗೆಯಲ್ಲಿ ಮಲಗುತ್ತಿದ್ದ ಹುಡುಗರು ಇನ್ನೂ ಐವರು. ಪರೀಕ್ಷೆಯವರೆಗೆ ಹೋದವರು ನಾವೊಬ್ಬರೇ. ಒಬ್ಬ ಜ್ವರ ಬಂದು ಊರಿಗೆ ಹೋದವನು ಮರಳಿ ಬರಲಿಲ್ಲ. ಇನ್ನೊಬ್ಬ ಐವತ್ತು ದಾಟಿದರೂ ಗ್ರೈಂಡರ್ ಮುಂದೆಯೇ ಇದ್ದಾನೆ, ತನ್ನ ಸಂಬಳದ ಚೀಟಿಯನ್ನು ಬೇರೆಯವರಿಂದ ಓದಿಸಿಕೊಳ್ಳುತ್ತಾನೆ. ವಾರ್ತಾಪತ್ರದಲ್ಲಿ ಫೋಟೋ ಬರುವುದು ಗೆದ್ದವನದು ಮಾತ್ರ. ಇದು ನಮಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ಚಾಚಿ, ಜೈಲು, ದಂಡ ಎರಡನ್ನೂ ಹೆಚ್ಚಿಸಿದಾಗ ನಾವು ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಆದರೆ ಅದೇ ತಿದ್ದುಪಡಿ ಶಾಲೆಯ ಸಮಯದ ನಂತರ ಮನೆಯ ಉದ್ಯಮದಲ್ಲಿ ಮಕ್ಕಳು ಸಹಾಯ ಮಾಡಬಹುದು ಎಂದು ಒಂದು ಕಿಂಡಿ ಬಿಟ್ಟಿದೆ. ಅಣ್ಣನ ಮಗ, ಭಾವನ ಮಗ ಎಂದು ಹೇಳಿ ಆ ಕಿಂಡಿಯಿಂದ ಯಾರು ಯಾರು ನುಗ್ಗಬಹುದು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದನ್ನು ಸಂಸದರಿಗೆ ಹೇಳಬೇಕಾದವರು ನಾವೇ ಅಲ್ಲವೇ?

ಕೆಲವರು ಹೇಳಬಹುದು, ಸಂಸದರಿಗೆ ಸ್ವಂತ ಮಾತೆಲ್ಲಿದೆ, ಪಕ್ಷದ ವಿಪ್ ಬಂದರೆ ಕೈ ಎತ್ತಲೇಬೇಕು ಎಂದು. ನಿಜ, 1985ರ ಪಕ್ಷಾಂತರ ನಿಷೇಧ ಕಾನೂನು ಹಾಗೇ ಇದೆ. ಎಷ್ಟೋ ಮಸೂದೆಗಳು ಧ್ವನಿಮತದಿಂದ ಪಾಸಾಗುವುದರಿಂದ ಯಾರು ಏನೆಂದರು ಎಂಬ ದಾಖಲೆಯೂ ಇರುವುದಿಲ್ಲ. ಆದರೆ ಚರ್ಚೆಯಲ್ಲಿ ಮಾತಾಡಬಹುದು, ತಿದ್ದುಪಡಿ ಸೂಚಿಸಬಹುದು, ಪ್ರಶ್ನೆ ಕೇಳಬಹುದು, ಸ್ಥಾಯಿ ಸಮಿತಿಯಲ್ಲಿ ಹೇಳಬಹುದು. ದಾಖಲೆ ಇಲ್ಲ ಎಂದಾದರೆ ಬಾಯಿಬಿಟ್ಟು ಕೇಳುವುದೇ ದಾರಿ.

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ಮುಂದಿನ ವಾರ್ಷಿಕೋತ್ಸವಕ್ಕೆ ಸಂಸದರನ್ನು ಕರೆಯುವಾಗ ಆಮಂತ್ರಣದ ಜೊತೆ ಒಂದು ಹಾಳೆ ಕಳಿಸೋಣ. ಕಾರ್ಮಿಕರು, ಆಹಾರ, ಮಕ್ಕಳು, ಆರೋಗ್ಯ, ಬೀದಿ ವ್ಯಾಪಾರ, ಈ ಐದು ವಿಷಯಗಳಲ್ಲಿ ನೀವು ಯಾವ ಕಾಯ್ದೆಗೆ ಬೆಂಬಲ ಕೊಟ್ಟಿರಿ, ಯಾಕೆ ಕೊಟ್ಟಿರಿ, ಹತ್ತು ನಿಮಿಷ ಮಾತಾಡಿ ಎಂದು ಬರೆಯೋಣ. ಅದರಲ್ಲಿ ನಮ್ಮ ಗಲ್ಲಾಕ್ಕೆ ಭಾರವಾಗುವ ಕಾಯ್ದೆಯೂ ಇರುತ್ತದೆ. ಅದು ಗ್ರೈಂಡರ್ ಮುಂದೆ ನಿಂತವನಿಗೆ ಒಳ್ಳೆಯದಾಗಿದ್ದರೆ ಅದಕ್ಕೂ ಚಪ್ಪಾಳೆ ತಟ್ಟೋಣ. ಹಾರ ಆಮೇಲೆ ಹಾಕಿದರಾಯಿತು.